ವಿಳಾಸ ಸಿಕ್ಕಿತು, ಪುಟಗಳು ಸಿಗಲಿಲ್ಲ

ಮಾನ್ಯ ಸಂಪಾದಕರೇ,

ಹಳೆಯ ಕನ್ನಡ ಪುಸ್ತಕಗಳನ್ನೂ ಮಾಸಪತ್ರಿಕೆಗಳನ್ನೂ ಸ್ಕ್ಯಾನ್ ಮಾಡಿ ಟೊರೆಂಟ್ (ಬಳಕೆದಾರರ ಕಂಪ್ಯೂಟರ್‌ಗಳು ಕಡತಗಳನ್ನು ತುಣುಕು ತುಣುಕಾಗಿ ಪರಸ್ಪರ ಹಂಚಿಕೊಳ್ಳುವ ವಿಧಾನ) ಮೂಲಕ ಹಂಚಿಬಿಟ್ಟರೆ ಅವು ಇನ್ನೆಂದೂ ಕಳೆದುಹೋಗುವುದಿಲ್ಲ ಎಂಬ ನಂಬಿಕೆ ಪುಸ್ತಕಪ್ರಿಯರಲ್ಲಿದೆ. ಮೂವತ್ತು ವರ್ಷ ಕಾಲೇಜು ಗ್ರಂಥಾಲಯದಲ್ಲಿ ದುಡಿದ ನನಗೆ ಈ ನಂಬಿಕೆ ಆತಂಕ ತರುತ್ತದೆ. ಕಳೆದ ತಿಂಗಳು ಹಳೆಯ ಮಾಸಪತ್ರಿಕೆಯೊಂದರ ಸಂಪುಟವನ್ನು ಮ್ಯಾಗ್ನೆಟ್ ಲಿಂಕ್ (ಕಡತದ ಗುರುತು ಸಂಖ್ಯೆಯುಳ್ಳ ಕೊಂಡಿ) ಬಳಸಿ ಇಳಿಸಿಕೊಳ್ಳಲು ಹೊರಟೆ. ಅರ್ಧ ನಿಮಿಷದೊಳಗೆ ಅದನ್ನು ಇಟ್ಟುಕೊಂಡಿದ್ದ ಇಬ್ಬರು ಸಿಕ್ಕರು. ಡೌನ್‌ಲೋಡ್ ಶೇ 94ಕ್ಕೆ ಬಂದು ನಿಂತಿತು. ಇಂದಿಗೂ ಅಲ್ಲೇ ನಿಂತಿದೆ. ಉಳಿದ ತುಣುಕುಗಳು ಆ ಇಬ್ಬರಲ್ಲಿ ಯಾರ ಬಳಿಯೂ ಇಲ್ಲ.

ಹುಡುಕಾಟ ಅಷ್ಟು ಬೇಗ ಮುಗಿದರೂ ಪುಸ್ತಕ ಕೈಗೆ ಸಿಗದಿದ್ದುದೇಕೆ ಎಂಬುದನ್ನು ತಿಳಿಯಲು ಈ ಜಾಲಗಳ ಒಳಗನ್ನು ನೋಡಬೇಕು. 1999ರ ಹಾಡು ಹಂಚುವ ಜಾಲ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಬಳಕೆದಾರರ ಮನೆಗಳಲ್ಲಿದ್ದರೂ ಯಾವುದು ಯಾರ ಬಳಿಯಿದೆ ಎಂಬ ಸೂಚಿ ಕಂಪನಿಯ ಸರ್ವರ್‌ನಲ್ಲಿತ್ತು. 2001ರಲ್ಲಿ ನ್ಯಾಯಾಲಯದ ಆದೇಶದ ಬಳಿಕ ಅದು ನಿಂತಾಗ ಇಡೀ ಜಾಲವೇ ನಿಂತಿತು. 2000ದಲ್ಲಿ ಬಂದ ನುಟೆಲ್ಲಾದಲ್ಲಿ ಕೇಂದ್ರ ಸೂಚಿಯೇ ಇರಲಿಲ್ಲ. ಅಲ್ಲಿ ಪ್ರತಿ ಪ್ರಶ್ನೆಯೂ ನೆರೆಯ ಯಂತ್ರದಿಂದ ನೆರೆಯ ಯಂತ್ರಕ್ಕೆ ಹರಡುತ್ತಿದ್ದುದರಿಂದ ಬಳಕೆದಾರರು ಹೆಚ್ಚಿದಂತೆ ಜಾಲ ಪ್ರಶ್ನೆಗಳ ಭಾರಕ್ಕೇ ಬಳಲಿತು. ಇದಕ್ಕೆ ಸೊಗಸಾದ ಪರಿಹಾರ ಕೊಟ್ಟವರಲ್ಲಿ ಪೆಟಾರ್ ಮೇಮುಂಕೋವ್ ಮತ್ತು ಡೇವಿಡ್ ಮಾಜಿಯೆರ್ ಪ್ರಮುಖರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿದ್ದಾಗ 2002ರಲ್ಲಿ ಅವರು ಮಂಡಿಸಿದ ಕಾಡೆಮ್ಲಿಯಾ ವಿಧಾನದಲ್ಲಿ ಪ್ರತಿ ಯಂತ್ರಕ್ಕೂ ಪ್ರತಿ ಕಡತಕ್ಕೂ 160 ಬಿಟ್‌ಗಳ (0 ಅಥವಾ 1 ಎಂಬ ಅಂಕಿಗಳ) ಒಂದು ಸಂಖ್ಯೆ ಇರುತ್ತದೆ. ಕಡತದ ಸಂಖ್ಯೆಗೆ ಯಾವ ಯಂತ್ರಗಳ ಸಂಖ್ಯೆ ತೀರ ಹತ್ತಿರವೋ, ಆ ಕಡತ ಯಾರ ಬಳಿಯಿದೆ ಎಂಬ ಮಾಹಿತಿಯನ್ನು ಅವೇ ಕಾಯುತ್ತವೆ.

ಹತ್ತಿರ ಎಂಬುದಕ್ಕೂ ಊರಿನ ದೂರಕ್ಕೂ ಇಲ್ಲಿ ಸಂಬಂಧವಿಲ್ಲ. ಎರಡು ಸಂಖ್ಯೆಗಳನ್ನು ಬಿಟ್‌ಗೆ ಬಿಟ್ ಹೋಲಿಸಿ, ಒಂದೇ ಆದಲ್ಲಿ 0, ಬೇರೆಯಾದಲ್ಲಿ 1 ಬರೆದರೆ ಸಿಗುವುದೇ ಅಂತರ. 1011 ಮತ್ತು 1001ರ ಅಂತರ 0010, ಅಂದರೆ 2. 1011 ಮತ್ತು 0011ರ ಅಂತರ 1000, ಅಂದರೆ 8. ಪ್ರತಿ ಯಂತ್ರವೂ ತನಗೆ ಗೊತ್ತಿರುವವರ ಪೈಕಿ ಗುರಿಗೆ ಇನ್ನಷ್ಟು ಹತ್ತಿರದವರನ್ನು ತೋರಿಸುತ್ತದೆ. ಹೆಜ್ಜೆ ಹೆಜ್ಜೆಗೂ ಅಂತರ ಅರ್ಧಕ್ಕಿಳಿಯುವುದರಿಂದ ಹತ್ತು ಲಕ್ಷ ಯಂತ್ರಗಳಿದ್ದರೂ ಸುಮಾರು 20 ಹೆಜ್ಜೆಗಳೊಳಗೆ ಹುಡುಕಾಟ ಮುಗಿಯುತ್ತದೆ. ಟೊರೆಂಟ್‌ಗಳ ಜಾಲವಾದ ಬಿಟ್‌ಟೊರೆಂಟ್ 2005ರಿಂದ ಈ ವಿಧಾನವನ್ನು ಬಳಸುತ್ತಿದೆ. ಮ್ಯಾಗ್ನೆಟ್ ಲಿಂಕ್‌ನಲ್ಲಿ ಕಾಣುವ 40 ಅಕ್ಷರಗಳ ಸಾಲು, ಅಕ್ಷರಕ್ಕೆ 4 ಬಿಟ್‌ನಂತೆ, ಆ 160 ಬಿಟ್‌ಗಳೇ.

ಆದರೆ ಹುಡುಕಾಟ ಕೊನೆಗೆ ಮುಟ್ಟುವ ಆ ಯಂತ್ರಗಳ ಬಳಿ ಇರುವುದು ನಮ್ಮ ಗ್ರಂಥಾಲಯದ ಕ್ಯಾಟಲಾಗ್ ಕಾರ್ಡಿನಂಥ ಒಂದು ಚೀಟಿ ಮಾತ್ರ. ಡ್ರಾಯರ್‌ನಲ್ಲಿ ಕಾರ್ಡ್ ಇದ್ದು ಕಪಾಟಿನಲ್ಲಿ ಪುಸ್ತಕವಿಲ್ಲದ ಪ್ರಸಂಗವನ್ನು ಎಲ್ಲ ಗ್ರಂಥಪಾಲಕರೂ ಕಂಡಿದ್ದಾರೆ. ಕಾರ್ಡಿಗೂ ಇಲ್ಲಿ ಆಯುಸ್ಸು ಕಡಿಮೆ: ಕಾಡೆಮ್ಲಿಯಾದ ಮೂಲ ಪ್ರಬಂಧದ ಪ್ರಕಾರ, ಪ್ರಕಟಿಸಿದವರು 24 ಗಂಟೆಗೊಮ್ಮೆ ಅದನ್ನು ಮತ್ತೆ ಪ್ರಕಟಿಸದಿದ್ದರೆ ಅದು ಅಳಿಯುತ್ತದೆ. ಪುಸ್ತಕವನ್ನು ಇಟ್ಟುಕೊಳ್ಳುವ ಹೊಣೆ ಜಾಲದ್ದಲ್ಲ, ಬಳಕೆದಾರರದು. ಐಪಿಎಫ್‌ಎಸ್ ಎಂಬ ಇನ್ನೊಂದು ಕಡತ ಹಂಚುವ ಜಾಲದಲ್ಲೂ ಅಷ್ಟೇ, ಯಾರೂ ಪಿನ್ ಮಾಡದ (ಉಳಿಸಿಕೊಳ್ಳಲು ಗುರುತು ಹಾಕದ) ಕಡತ ಕಾಲಕ್ರಮೇಣ ಇಲ್ಲವಾಗುತ್ತದೆ.

ಅದೇ ಪ್ರಬಂಧದಲ್ಲಿ ಇನ್ನೊಂದು ಅಂಶವಿದೆ. ಒಂದು ಯಂತ್ರ ಹೆಚ್ಚು ಹೊತ್ತು ಚಾಲೂ ಇದ್ದಷ್ಟೂ ಅದು ಇನ್ನೊಂದು ಗಂಟೆ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ಕಾಡೆಮ್ಲಿಯಾ ಹಳಬರನ್ನು ಬಿಟ್ಟುಕೊಡದೆ ನೆನಪಿಟ್ಟುಕೊಳ್ಳುತ್ತದೆ. ಸಂಜೆ ಆರಿಸುವ ಮನೆಯ ಲ್ಯಾಪ್‌ಟಾಪ್‌ಗಿಂತ ಸದಾ ಚಾಲೂ ಇರುವ ಸಂಸ್ಥೆಯ ಯಂತ್ರ ಇಲ್ಲಿ ಎಷ್ಟೋ ಪಾಲು ಬೆಲೆಯುಳ್ಳದ್ದು.

ಉಚಿತ ಡಿಜಿಟಲ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಹೇರಳವಾಗಿವೆ. ಅದು 2012ರಿಂದ ತನ್ನ ಸಂಗ್ರಹವನ್ನು ಟೊರೆಂಟ್ ರೂಪದಲ್ಲೂ ಕೊಡುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಿಂದ ಆ ತಾಣ ಹಲವು ದಿನ ತೆರೆಯದಿದ್ದಾಗ ನಮ್ಮ ಓದು ಎಷ್ಟು ತೆಳುವಾದ ಎಳೆಗೆ ಜೋತುಬಿದ್ದಿದೆ ಎಂದು ಕಂಡಿತು. ನಮ್ಮ ವಿಶ್ವವಿದ್ಯಾಲಯಗಳೂ ಜಿಲ್ಲಾ ಕೇಂದ್ರ ಗ್ರಂಥಾಲಯಗಳೂ ತಲಾ ಒಂದು ಯಂತ್ರ ಮೀಸಲಿಟ್ಟು, ಲೇಖಕರು ತೀರಿ 60 ವರ್ಷ ಕಳೆದು ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಪೂರ್ಣ ಪ್ರತಿಗಳನ್ನು ಹಗಲಿರುಳು ಸೀಡ್ ಮಾಡಲಿ (ಇತರರಿಗೆ ಹಂಚುತ್ತಿರಲಿ) ಎಂಬುದು ನನ್ನ ಕೋರಿಕೆ. ಟೊರೆಂಟ್ ಎಂದರೆ ಕಳ್ಳ ಸಿನಿಮಾ ಎಂದೇ ಭಾವಿಸಿ ಅದನ್ನು ಪೂರ್ತಿ ತಡೆದಿರುವ ಕಾಲೇಜುಗಳು ಇಷ್ಟಕ್ಕಾದರೂ ದಾರಿ ಬಿಡಬೇಕು. ಆ ಮಾಸಪತ್ರಿಕೆಯ ಪೂರ್ಣ ಪ್ರತಿ ಯಾರಲ್ಲಾದರೂ ಇದ್ದರೆ ದಯವಿಟ್ಟು ಒಮ್ಮೆ ಕಂಪ್ಯೂಟರ್ ಹಚ್ಚಿಡಿ, ನನ್ನದು ಕಾಯುತ್ತಿದೆ.

– ನಿವೃತ್ತ ಗ್ರಂಥಪಾಲಕ, ಶಿವಮೊಗ್ಗ