ಹ್ಯಾಂಬರ್ಗಿನ ದೋಣಿಯಿಂದ, ಸುಬ್ಬುಗೆ

ಪ್ರೀತಿಯ ಸುಬ್ಬು,

ಇಲ್ಲಿ ಬಂದರು ನೋಡಲು ದೋಣಿ ಹತ್ತುವ ಮೊದಲು ಎಲ್ಬೆ ನದಿಯಲ್ಲಿ ನೀರು ಎಷ್ಟಿದೆ ಅಂತ ಕೇಳಬೇಕು ಮಾರಾಯಾ. ಸಮುದ್ರ ಸುಮಾರು ನೂರು ಕಿಲೋಮೀಟರ್ ದೂರ. ಆದರೂ ದಿನಕ್ಕೆರಡು ಸಲ ನೀರು ಮೂರು ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಇಳಿದಾಗ ಒಳಗಾಲುವೆಗಳಿಗೆ ದೋಣಿ ಹೋಗುವುದಿಲ್ಲ. ತೀರಾ ಏರಿದರೆ ಸೇತುವೆಯ ಅಡಿಗೆ ನುಸುಳುವುದಿಲ್ಲ. ಮೊನ್ನೆ ಎಲ್ಲ ಕೂಡಿಬಂತು, ಮಕ್ಕಳನ್ನು ಕರೆದುಕೊಂಡು ಹೋದೆವು.

ಹಳೇ ಗೋದಾಮುಗಳ ಕೇರಿ, ಶ್ಪೈಖರ್‌ಶ್ಟಾಟ್, ನಿಜಕ್ಕೂ ಚಂದ. ನೀರಿನಿಂದಲೇ ಎದ್ದ ಹಾಗೆ ಕೆಂಪು ಇಟ್ಟಿಗೆ ಗೋಡೆ. ಬುಡದಲ್ಲಿ ಪಾಚಿಯ ಕಪ್ಪು ಪಟ್ಟಿ. ಎಲ್ಲವೂ ನಿಂತಿರುವುದು ಮರದ ಕಂಬಗಳ ಮೇಲೆ. ನೆತ್ತಿಯಲ್ಲಿ ಕಪ್ಪಿಯ ಗೂಡು. ದೋಣಿಯಲ್ಲಿ ಬಂದ ಕಾಫಿ, ಚಹಾ, ಮಸಾಲೆ ಮೂಟೆಗಳನ್ನು ಅಲ್ಲಿಂದ ಹಗ್ಗ ಇಳಿಬಿಟ್ಟು ಮಹಡಿ ಮಹಡಿಗೆ ಎಳೆದುಕೊಳ್ಳುತ್ತಿದ್ದರು. 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಮೈಕ್ ಹಿಡಿದವನು ಒಂದು ಮಾತು ಹೇಳಿ ಮುಂದೆ ಹೋದ. 1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕದ ಗಡಿಯೊಳಗೆ ಸೇರಿತು. ಸುಂಕವಿಲ್ಲದೆ ಸರಕು ಇಟ್ಟುಕೊಳ್ಳಲು ವ್ಯಾಪಾರಿಗಳಿಗೆ ಒಂದು ಜಾಗ ಬೇಕಿತ್ತು. ಈ ಗೋದಾಮುಗಳನ್ನು ಕಟ್ಟಲು ಎರಡು ಕೇರಿ ಕೆಡವಿ ಸುಮಾರು 20 ಸಾವಿರ ಜನರನ್ನು ಎಬ್ಬಿಸಿದರು. ದೋಣಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ, ಎಲ್ಲರ ಫೋನೂ ಸೇತುವೆಯ ಕಡೆಗೇ ಇತ್ತು.

ನನಗೆ ನಿಮ್ಮಜ್ಜಿ ನೆನಪಾದರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ ಮೇಲೆ ಮುಳುಗಿದ ಮನೆಯ ಬಗ್ಗೆ ಅವರು "ಇತ್ತು" ಅಂದದ್ದನ್ನು ನಾನು ಕೇಳಿಯೇ ಇಲ್ಲ. "ಮನೆ ಅಲ್ಲೇ ಇದ್ದು, ನೀರು ಬಂತು ಅಷ್ಟೇ" ಅನ್ನುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೇ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತಿದಾಗಲೆಲ್ಲ ಹೋಗಿ ನೋಡಿ ಬರಬೇಕು ಅಂತ ಹಟ ಮಾಡುತ್ತಿದ್ದರಲ್ಲ.

ಸುಬ್ಬು, ಇವರನ್ನು ಬಂದರು ಎಬ್ಬಿಸಿತು. ನಿಮ್ಮನ್ನು ಕರೆಂಟು ಎಬ್ಬಿಸಿತು. ನನ್ನನ್ನು ಯಾರೂ ಎಬ್ಬಿಸಲಿಲ್ಲ. ನಮ್ಮ ಮನೆ ಒಣಗಿದ ನೆಲದ ಮೇಲೆ ಗಟ್ಟಿಯಾಗಿ ನಿಂತಿದೆ, ಬೀಗ ಹಾಕಿದೆ. ಮಗಳಿಗೆ ಇಲ್ಲಿನ ಕಾಲುವೆಗಳ ಹೆಸರು ಬಾಯಿಪಾಠ. ನಮ್ಮನೆ ಹಿಂದಿನ ಹಳ್ಳಕ್ಕೂ ಒಂದು ಹೆಸರಿದೆ ಅಂತ ಅವಳಿಗೆ ಗೊತ್ತಿಲ್ಲ. ತೋಟ ಕೊಟ್ಟುಬಿಡೋಣ ಅಂತ ಅಣ್ಣ ಕೇಳುತ್ತಿದ್ದಾನೆ. ನಾನು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಇದನ್ನು ಮನೆಯಲ್ಲೂ ಹೇಳಿಲ್ಲ ಕಣೋ. ಹೀಗೆ ಎಲ್ಲರೂ ಓದುವ ಕಡೆ ಬರೆಯಬೇಕು ಅಂತಲೂ ಇರಲಿಲ್ಲ.

ಇರಲಿ ಬಿಡು. ಡಿಸೆಂಬರಿಗೆ ಬರುತ್ತಿದ್ದೇವೆ, ಟಿಕೆಟ್ ಆಗಿದೆ. ಅಂಬಾರಗೋಡ್ಲಿನ ಹೊಸ ಸೇತುವೆ ಮೇಲೆ ನೀನೇ ಕರೆದುಕೊಂಡು ಹೋಗಬೇಕು. ಆದರೆ ಕಳಸವಳ್ಳಿ ಅಂಗಡಿಯ ಮುಂದೆ ಆ ಭಾಷಣ ಮಾತ್ರ ಬೇಡ, ಮಕ್ಕಳಿರುತ್ತಾರೆ! ಅಪ್ಪೆಮಿಡಿ ಒಂದು ಭರಣಿ ತೆಗೆದಿಡು. ಅಣ್ಣ ಸಿಕ್ಕಿದರೆ ತೋಟದ ಮಾತು ಎತ್ತಬೇಡ, ಬಂದ ಮೇಲೆ ನಾನೇ ಮಾತಾಡುತ್ತೇನೆ.

ನಿನ್ನ,
ಜೀಪಿನ ಹಿಂದಿನ ಸೀಟಿನವನು