ನೂರು ಸೈಟೇಶನ್ ಆದ ಹೊತ್ತಿಗೆ

ನಮ್ಮ ಮಂಗನ ಕಾಯಿಲೆ ಪೇಪರ್ ಈ ವಾರ ನೂರು ಸೈಟೇಶನ್ ದಾಟಿತು, ಅಂದರೆ ನೂರಕ್ಕೂ ಹೆಚ್ಚು ಪೇಪರ್‌ಗಳು ಅದನ್ನು ಉಲ್ಲೇಖಿಸಿವೆ. ಜೊತೆಗೇ ನನ್ನ ಎಚ್-ಇಂಡೆಕ್ಸ್ 20 ಆಯಿತು. ಫೋನ್ ಮಾಡಿ ಖುಷಿಪಟ್ಟ ಎಲ್ಲರಿಗೂ ಥ್ಯಾಂಕ್ಸ್. "ಅದೇನೇ ಅದು, ಎಚ್ಚು?" ಅಂತ ಕೇಳಿದ ಚಿಕ್ಕಮ್ಮನಿಗೆ ಇಲ್ಲೇ ಹೇಳಿಬಿಡುತ್ತೇನೆ. ಬೇರೆ ಪೇಪರ್‌ಗಳಲ್ಲಿ ಕನಿಷ್ಠ 20 ಸಲ ಉಲ್ಲೇಖವಾದ ಪೇಪರ್‌ಗಳು ನನ್ನ ಹೆಸರಿನಲ್ಲಿ 20 ಇವೆ, ಅಷ್ಟೇ. ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಕೊಟ್ಟ ಲೆಕ್ಕ ಇದು. ಈಗ ಹಲವು ಕಡೆ ಬಡ್ತಿಗೂ ಇದನ್ನು ನೋಡುತ್ತಾರೆ, ಅನುದಾನಕ್ಕೂ ನೋಡುತ್ತಾರೆ.

ಕ್ಯಾನ್ಸರ್ ಮೇಲೆ ಕೆಲಸ ಮಾಡುವವರಿಗೆ ನೂರು ಏನೂ ದೊಡ್ಡದಲ್ಲ. ಅಲ್ಲಿ ಓದುವವರೂ ಜಾಸ್ತಿ, ಬರೆಯುವವರೂ ಜಾಸ್ತಿ. ನಮ್ಮದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಗೊತ್ತಾದ ಕಾಯಿಲೆ. ಇದರ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳೇ ಕೆಲವು. ಹಾಗಾಗಿ ಈ ನೂರು ನನಗೆ ದೊಡ್ಡದು.

ನನ್ನ ಗೈಡ್, ಜೊತೆಗೆ ಬರೆದವರು, ಲೆಕ್ಕ ತಿದ್ದಿಕೊಟ್ಟ ಗೆಳತಿ, ಹಳ್ಳಿ ಹಳ್ಳಿಗೆ ಕರೆದುಕೊಂಡು ಹೋದ ಆಶಾ ಕಾರ್ಯಕರ್ತೆಯರು, ರಕ್ತ ಕೊಟ್ಟ ಮನೆಗಳವರು, ಮಗುವನ್ನು ನೋಡಿಕೊಂಡ ಅತ್ತೆ, ಎಲ್ಲರಿಗೂ ನಾನು ಋಣಿ.

ಇನ್ನು ನಮ್ಮ ಲ್ಯಾಬ್ ಅಟೆಂಡರ್ ಅಣ್ಣ. "ಇಲ್ಲಿ ಹೆಸರು ಹಾಕಬೇಡಿ ಮೇಡಂ" ಅಂದಿದ್ದಾರೆ, ಹಾಕುವುದಿಲ್ಲ.

ಮೈನಸ್ 80 ಡಿಗ್ರಿಯ ಫ್ರೀಜರ್ ಕೈಕೊಟ್ಟ ರಾತ್ರಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಪ್ಪ ಹೋಗಿ ತಿಂಗಳೂ ಆಗಿರಲಿಲ್ಲ. ಅಲಾರಂ ಹೊಡೆದುಕೊಳ್ಳುತ್ತಿತ್ತು. ಮೈನಸ್ 61, ಆಮೇಲೆ 60, ಆಮೇಲೆ 58. ಒಳಗಿದ್ದದ್ದು ಮತ್ತೆ ಸಿಗದ ಸೀರಂ, ಜನರ ರಕ್ತದಿಂದ ಬೇರ್ಪಡಿಸಿಟ್ಟ ದ್ರವ. ನಾನು ಬಾಗಿಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಬಂದ ಅಣ್ಣ, "ತೆಗೀಬೇಡಿ ಮೇಡಂ, ಮುಚ್ಚಿದ್ರೆ ತಣ್ಣಗೆ ಇರತ್ತೆ" ಎಂದು ಬಾಗಿಲಿಗೆ ಅಡ್ಡಲಾಗಿ ಟೇಪ್ ಅಂಟಿಸಿದರು. ನಾನು ಕಾರಿಡಾರಿನಲ್ಲಿ ಕೂತು ಅತ್ತೆ. ಅವರು ಸಮಾಧಾನ ಹೇಳುತ್ತಾ ನಿಲ್ಲಲಿಲ್ಲ. ಮೇಲಿನ ಮಹಡಿಯ ವಿಭಾಗದ ಫ್ರೀಜರ್‌ನಲ್ಲಿ ಜಾಗ ಇದೆ ಅಂತ ಅವರಿಗೆ ಗೊತ್ತಿತ್ತು. ಬೀಗದ ಕೈ ಇದ್ದವರನ್ನು ನಿದ್ದೆಯಿಂದ ಎಬ್ಬಿಸಿ ಬೈಕಿನಲ್ಲಿ ಕೂರಿಸಿಕೊಂಡೇ ಬಂದರು.

ಆಮೇಲೆ ತಮ್ಮ ನೋಟ್‌ಬುಕ್ ತೆಗೆದರು. ಊರು, ರ‍್ಯಾಕ್, ಸಾಲು, ಎಲ್ಲ ಅವರ ಗುಂಡು ಅಕ್ಷರದಲ್ಲಿ, ಕನ್ನಡದಲ್ಲಿ. ಯಾರೂ ಹೇಳದೆ ತಾವೇ ಬರೆದಿಟ್ಟುಕೊಂಡದ್ದು. ಹುಡುಕುತ್ತಾ ಬಾಗಿಲು ತೆರೆದಿಟ್ಟುಕೊಂಡು ನಿಲ್ಲುವ ಪ್ರಮೇಯವೇ ಬರಲಿಲ್ಲ. ಅವರು ಊರಿನ ಹೆಸರು ಓದುವುದು, ನಾನು ರ‍್ಯಾಕ್ ಎಳೆಯುವುದು, ಬಾಗಿಲು ಹಾಕುವುದು, ಥರ್ಮೋಕೋಲ್ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವುದು. ಬೆಳಕು ಹರಿಯುವಷ್ಟರಲ್ಲಿ ಎಲ್ಲ ಮೇಲೆ ಸೇರಿತ್ತು, ಒಂದು ಟ್ಯೂಬೂ ಕರಗಿರಲಿಲ್ಲ. ನಾನು ಮನೆಗೆ ಹೋಗಿ ಮಲಗಿದೆ. ಅವರಿಗೆ ಬೆಳಗಿನ ಡ್ಯೂಟಿ ಇತ್ತು, ಮಾಡಿದರು.

ಆ ಸೀರಂ ಇಲ್ಲದೆ ಈ ಪೇಪರ್ ಇಲ್ಲ. ಪೇಪರ್‌ನ ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರಿದೆ. ಎಚ್-ಇಂಡೆಕ್ಸ್ ಲೆಕ್ಕಕ್ಕೆ ಬರುವುದು ಲೇಖಕರ ಪಟ್ಟಿ ಮಾತ್ರ. ನೂರು ಸಲ ನನ್ನ ಹೆಸರು ಬಂದಿದೆ, ಅವರದು ಒಂದು ಸಲವೂ ಇಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಇನ್ನೊಂದು ಮಾತು ಹೇಳದೆ ಇರಲಾರೆ. ಯಾವ ವರ್ಷ ಎಷ್ಟು ಸೈಟೇಶನ್ ಅಂತ ಸುಮ್ನೆ ನೋಡುತ್ತಾ ಕೂತಿದ್ದೆ. ಕಾಯಿಲೆ ವಯನಾಡಿಗೆ, ಗೋವಾಕ್ಕೆ, ಸಿಂಧುದುರ್ಗಕ್ಕೆ ಹಬ್ಬಿತು. 2019ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಜನ ಸತ್ತರು. ನಮ್ಮ ಸೈಟೇಶನ್ ಗೆರೆ ಏರಿದ್ದು ಅದರ ಬೆನ್ನಿಗೇ. ಹೊಟ್ಟೆಯೊಳಗೆ ಸಂಕಟವಾಯಿತು. ಕಾಯಿಲೆ ಇದ್ದಲ್ಲೇ ನಿಂತು ನಮ್ಮ ಪೇಪರನ್ನು ಯಾರೂ ಓದದೆ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೂ ವಯನಾಡಿನ ಬಗ್ಗೆ ಬರೆದ ಒಂದು ಪೇಪರ್‌ನಲ್ಲಿ ನಮ್ಮ ಪರೀಕ್ಷಾ ವಿಧಾನವನ್ನೇ ಬಳಸಿದ್ದಾರೆ. ಅದನ್ನು ಓದಿದಾಗ ಕೆಲಸ ಯಾರಿಗೋ ಉಪಯೋಗಕ್ಕೆ ಬಂತು ಎಂಬ ನೆಮ್ಮದಿ ಆಯಿತು.

ಅಣ್ಣನಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಲ್ಯಾಬಿನಲ್ಲೇ ಮಧ್ಯಾಹ್ನದ ಊಟ ಇಟ್ಟುಕೊಂಡಿದ್ದೇವೆ. ಅವರ ಕೈಯಲ್ಲಿ ಟ್ಯೂಬ್ ತೊಳೆಯುವುದು ಕಲಿತ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಬನ್ನಿ. ಬರುತ್ತೀರಾ ಅಂತ ನನಗೊಂದು ಮೆಸೇಜ್ ಹಾಕಿ, ಎಲೆಯ ಲೆಕ್ಕ ಹೇಳಬೇಕು.