ಹಾರಿಬಂದ ಗುಡ್ಡದ ಊರಿನಿಂದ

ಪ್ರೀತಿಯ ಗೆಳೆಯಾ,

ಚೀನಾದ ಹಾಂಗ್‌ಝೌಗೆ ಬಂದು ನಾಲ್ಕು ದಿನವಾಯಿತು. ಇಲ್ಲೀಗ ಗ್ವೇಹುವಾ ಹೂ ಬಿಡುವ ಕಾಲ. ನಮ್ಮ ರಂಜದ ಹೂವಿನ ಹಾಗೆ ತೀರಾ ಪುಟ್ಟದು. ಮರ ಎಲ್ಲಿದೆ ಅಂತ ಹುಡುಕುವ ಮೊದಲೇ ಪರಿಮಳ ಬಂದು ಮುಟ್ಟುತ್ತದೆ.

ಮೊದಲ ದಿನ ಬೆಳಗಿನ ಜಾವವೇ ಪಶ್ಚಿಮ ಸರೋವರದ ಏರಿ ಮೇಲೆ ನಡೆದೆ. 1089ರಲ್ಲಿ ಕವಿ ಸು ಡಾಂಗ್‌ಪೋ ಈ ಊರಿನ ಅಧಿಕಾರಿಯಾಗಿ ಬಂದಾಗ ಕೆರೆ ತುಂಬ ಕಳೆ, ಹೂಳು. ಆತ ಜನರನ್ನು ಹಚ್ಚಿ ಹೂಳೆತ್ತಿಸಿದ. ಆ ಮಣ್ಣಿನಿಂದಲೇ ನೀರಿನ ನಡುವೆ ಈ ಏರಿ ಹಾಕಿಸಿದ. 2.8 ಕಿ.ಮೀ. ಉದ್ದ, ಆರು ಕಲ್ಲಿನ ಸೇತುವೆ, ದಾರಿಯುದ್ದಕ್ಕೂ ನೀರಿಗೆ ಬಾಗಿದ ವಿಲೋ ಮರಗಳು. ಕವಿಯೊಬ್ಬ ಕೆರೆಯ ಹೂಳೆತ್ತಿಸಿದ ಅನ್ನುವುದೇ ನನಗೆ ಎಷ್ಟು ಖುಷಿ ಕೊಟ್ಟಿತು ಗೊತ್ತಾ? ಆಮೇಲೆ ಹತ್ತಿರದ ಹುವಾಗಾಂಗ್ ಉದ್ಯಾನದಲ್ಲಿ ಕೆಂಪು ಮೀನುಗಳನ್ನು ನೋಡುತ್ತಾ ಸುಮ್ನೆ ಕೂತಿದ್ದೆ.

ಸರೋವರದ ದಂಡೆಯ ಲೇಫಂಗ್ ಪಗೋಡ ಅನ್ನುವ ಬೌದ್ಧ ಗೋಪುರ 1924ರಲ್ಲಿ ಕುಸಿದು, 2002ರಲ್ಲಿ ಮತ್ತೆ ಎದ್ದದ್ದು. ಹೊಸ ಕಟ್ಟಡಕ್ಕಿಂತ ಅದರ ಕೆಳಗೆ ಕಾಪಾಡಿಟ್ಟ ಹಳೇ ಇಟ್ಟಿಗೆ ರಾಶಿಯೇ ನನಗೆ ಜಾಸ್ತಿ ಹಿಡಿಸಿತು.

ಆದರೆ ನಿನಗೆ ಹೇಳಲೇಬೇಕಾದದ್ದು ಲಿಂಗ್‌ಯಿನ್ ದೇವಸ್ಥಾನದ ಕತೆ. 4ನೇ ಶತಮಾನದಲ್ಲಿ ಅದನ್ನು ಶುರುಮಾಡಿದ್ದು ಭಾರತದಿಂದ ಬಂದ ಭಿಕ್ಷು. ಚೀನೀಯರು ಆತನನ್ನು ಹುಯಿಲಿ ಅನ್ನುತ್ತಾರೆ. ದೇವಸ್ಥಾನದ ಎದುರಿಗೆ ಒಂದು ಸುಣ್ಣಕಲ್ಲಿನ ಗುಡ್ಡ. ಸುತ್ತಲಿನ ಬೆಟ್ಟಗಳ ಕಲ್ಲೇ ಬೇರೆ, ಇದರದ್ದೇ ಬೇರೆ. ಅದನ್ನು ನೋಡಿ ಆತ, 'ಇದು ನಮ್ಮ ಗೃಧ್ರಕೂಟದ ತುಣುಕಲ್ಲವಾ, ಇಲ್ಲಿಗೆ ಯಾವಾಗ ಹಾರಿಬಂತು?' ಅಂದನಂತೆ. ರಾಜಗೀರ್‌ನಲ್ಲಿ ಬುದ್ಧ ಉಪದೇಶ ಮಾಡಿದ ಬೆಟ್ಟ ಅದು. ಯಾರೂ ನಂಬಲಿಲ್ಲ. ಆ ಬೆಟ್ಟದಲ್ಲಿದ್ದ ಕೋತಿಯೂ ಜೊತೆಗೇ ಬಂದಿರಬೇಕು ಅಂತ ಆತ ಗವಿಯ ಬಾಯಲ್ಲಿ ನಿಂತು ಕೂಗಿದ. ಕೋತಿ ಹೊರಗೆ ಬಂತಂತೆ! ಇವತ್ತಿಗೂ ಗುಡ್ಡದ ಹೆಸರು ಫೇಲೈ ಫಂಗ್, ಹಾರಿಬಂದ ಶಿಖರ. ಬಂಡೆಗಳ ತುಂಬ ನೂರಾರು ಬುದ್ಧರನ್ನು ಕೆತ್ತಿದ್ದಾರೆ. ಹೊಟ್ಟೆ ಬಿಟ್ಟುಕೊಂಡು ನಗುವ ಮೈತ್ರೇಯನ ಮುಂದೆ ಜನವೋ ಜನ.

ಗುಡ್ಡದ ಬುಡದಲ್ಲಿ ಹುಯಿಲಿಯ ನೆನಪಿಗೆ ಒಂದು ಚಿಕ್ಕ ಕಲ್ಲಿನ ಸ್ತೂಪ ಇದೆ. ಅಲ್ಲಿ ಹೆಚ್ಚು ಜನ ನಿಲ್ಲುವುದಿಲ್ಲ. ನಾನು ತುಂಬ ಹೊತ್ತು ನಿಂತೆ. ಅಷ್ಟು ದೂರ ನಡೆದುಬಂದವನಿಗೆ ಊರಿನ ಬೆಟ್ಟ ಎಷ್ಟು ನೆನಪಾಗಿರಬೇಕು, ಅಲ್ವಾ?

ದೇವಸ್ಥಾನದಲ್ಲಿ ಎಲ್ಲರಿಗೂ ಮೂರು ಊದುಬತ್ತಿ ಕೊಡುತ್ತಾರೆ, ದುಡ್ಡಿಲ್ಲ. ನಾಳೆ ಹೊರಡುವ ಮೊದಲು ಇನ್ನೊಮ್ಮೆ ಹೋಗುತ್ತೇನೆ. ಒಂದು ನಿನ್ನ ಹೆಸರಲ್ಲಿ ಹಚ್ಚುತ್ತೇನೆ.

ನಿನ್ನ ಗೆಳೆಯ